ಕೀ ತಿರುಗಿಸಿದರೆ ಸದ್ದೇ ಇಲ್ಲ: ನ್ಯೂಟ್ರಲ್ ಸೇಫ್ಟಿ ಸ್ವಿಚ್ ಕಲಿಯುವಾಗ ಬರೆದುಕೊಂಡಿದ್ದು

ಈ ಸ್ವಿಚ್ ಬಗ್ಗೆ ನಾನು ಓದಲು ಕೂತಿದ್ದೇ ಒಂದು ಪೆದ್ದುತನ ಮಾಡಿಕೊಂಡ ಮೇಲೆ. ಆಟೋಮ್ಯಾಟಿಕ್ ಕಾರು. ಪಾರ್ಕ್‌ನಲ್ಲಿ ಕೀ ತಿರುಗಿಸಿದರೆ ಸದ್ದೇ ಇಲ್ಲ, ನ್ಯೂಟ್ರಲ್‌ಗೆ ಹಾಕಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಸೇಫ್ಟಿ ಸ್ವಿಚ್ ಹೋಗಿದ್ದರೆ ಹೀಗಾಗುತ್ತದೆ ಅಂತ ಓದಿದ್ದೇ ತಡ, ಹೊಸದು ತಂದು ಹಾಕಿದೆ. ಹಾಕಿದ ಮೇಲೂ ಅದೇ ಕಥೆ. ಕೊನೆಗೆ ನೋಡಿದರೆ ಗೇರ್ ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಸವೆದಿತ್ತು, ಅಷ್ಟೇ. ಲಿವರ್ ಪಾರ್ಕ್‌ಗೆ ಹೋಗುತ್ತಿತ್ತು, ಆದರೆ ಗೇರ್‌ಬಾಕ್ಸ್ ಮೇಲಿನ ತೋಳು ಪೂರ್ತಿ ಹೋಗದೆ ಸ್ವಲ್ಪ ಹಿಂದೆಯೇ ನಿಲ್ಲುತ್ತಿತ್ತು. ಹಾಗಾಗಿ ಈ ಟಿಪ್ಪಣಿಯಲ್ಲಿ ಸ್ವಿಚ್ ಬಿಚ್ಚುವುದಕ್ಕಿಂತ, ಬಿಚ್ಚುವ ಮೊದಲು ಏನೇನು ನೋಡಬೇಕು ಅನ್ನುವುದೇ ಜಾಸ್ತಿ.

ಮೊದಲು ಇದರ ಕೆಲಸ. ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟರ್, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟಾರ್, ತಿರುಗಬೇಕು. ಡ್ರೈವ್‌ನಲ್ಲೋ ರಿವರ್ಸ್‌ನಲ್ಲೋ ಇದ್ದಾಗ ಸ್ಟಾರ್ಟ್ ಆದರೆ ಕಾರು ಸೀದಾ ಮುಂದಕ್ಕೆ ಅಥವಾ ಹಿಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯುವುದೇ ಈ ಸ್ವಿಚ್. ಇನ್‌ಹಿಬಿಟರ್ ಸ್ವಿಚ್, ಪಾರ್ಕ್ ನ್ಯೂಟ್ರಲ್ ಪೊಸಿಷನ್ ಸ್ವಿಚ್ ಅಂತಲೂ ಕರೆಯುತ್ತಾರೆ. ಹೊಸ ಕಾರುಗಳಲ್ಲಿ ಇದೇ ಕೆಲಸವನ್ನು ಟ್ರಾನ್ಸ್‌ಮಿಷನ್ ರೇಂಜ್ ಸೆನ್ಸರ್ ಮಾಡುತ್ತದೆ. ಮ್ಯಾನ್ಯುಯಲ್ ಗೇರಿನ ಎಷ್ಟೋ ಕಾರುಗಳಲ್ಲಿ ಕ್ಲಚ್ ಪೆಡಲ್ ಹತ್ತಿರ ಇಂಥದ್ದೇ ಒಂದು ಸ್ವಿಚ್ ಇರುತ್ತದೆ, ಅದು ಬೇರೆ ಅಧ್ಯಾಯ.

ಈಗ ಮುಖ್ಯವಾದದ್ದು. ಸ್ಟಾರ್ಟರ್‌ಗೆ ಎರಡು ದಾರಿಗಳಿವೆ. ಒಂದು ದಪ್ಪ ಕೇಬಲ್, ಬ್ಯಾಟರಿಯಿಂದ ನೇರವಾಗಿ ಮೋಟಾರಿಗೆ, ನೂರಕ್ಕಿಂತ ಹೆಚ್ಚು ಆಂಪಿಯರ್ ಹರಿಯುವುದು ಅದರಲ್ಲೇ. ಇನ್ನೊಂದು ಸಣ್ಣ ವೈರಿನ ದಾರಿ: ಫ್ಯೂಸ್, ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಸ್ವಿಚ್), ಆಮೇಲೆ ಸೊಲೆನಾಯ್ಡ್ (ದಪ್ಪ ಕೇಬಲ್ಲಿನ ಕರೆಂಟನ್ನು ಮೋಟಾರಿಗೆ ಜೋಡಿಸುವ ಸ್ವಿಚ್). ನಮ್ಮ ಸೇಫ್ಟಿ ಸ್ವಿಚ್ ಕೂತಿರುವುದು ಈ ಸಣ್ಣ ದಾರಿಯಲ್ಲಿ. ಅಂದರೆ ಅದು ಹೇಳುವುದು ಹೂಂ ಅಥವಾ ಊಹೂಂ, ಎರಡೇ ಮಾತು. ಇದು ತಲೆಗೆ ಹತ್ತಿದರೆ ಅರ್ಧ ಅನುಮಾನಗಳು ಅಲ್ಲೇ ಕಳಚಿ ಬೀಳುತ್ತವೆ. ಮೋಟಾರ್ ನಿಧಾನವಾಗಿ, ಸುಸ್ತಾದ ಹಾಗೆ ತಿರುಗುತ್ತಿದೆಯಾ? ಸ್ವಿಚ್ ಅಲ್ಲ. ಟಕಟಕ ಅಂತ ಸದ್ದು ಬರುತ್ತಿದೆಯಾ? ಹೆಚ್ಚಾಗಿ ಬ್ಯಾಟರಿ ಅಥವಾ ಅದರ ಟರ್ಮಿನಲ್. ಸ್ಟಾರ್ಟರ್ ಕಡೆಯಿಂದ ಗಟ್ಟಿಯಾಗಿ ಒಂದೇ ಒಂದು ಟಕ್ ಬಂದು ಸುಮ್ಮನಾಯಿತಾ? ಸಣ್ಣ ದಾರಿ ತನ್ನ ಕೆಲಸ ಮಾಡಿದೆ, ಸ್ಟಾರ್ಟರ್ ಅಥವಾ ದಪ್ಪ ಕೇಬಲ್ ಕಡೆ ನೋಡಿ. ಮೋಟಾರ್ ಚೆನ್ನಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಅದು ಪೆಟ್ರೋಲಿನದೋ ಸ್ಪಾರ್ಕಿನದೋ ತಕರಾರು. ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿದ್ದು, ಕೀ ತಿರುಗಿಸಿದಾಗ ಪೂರ್ತಿ ಮೌನ ಇದ್ದರೆ ಆಗ ನಮ್ಮ ಸ್ವಿಚ್ ಮೇಲೆ ಅನುಮಾನ ಪಡಬಹುದು.

ಅನುಮಾನ ಗಟ್ಟಿಯಾಗಲು ಬೇರೆ ಸುಳಿವುಗಳೂ ಬೇಕು. ಪಾರ್ಕ್, ನ್ಯೂಟ್ರಲ್ ಎರಡರಲ್ಲಿ ಒಂದರಲ್ಲಿ ಮಾತ್ರ ಸ್ಟಾರ್ಟ್ ಆಗುವುದು, ಕೀಯನ್ನು ಸ್ಟಾರ್ಟ್‌ನಲ್ಲೇ ಹಿಡಿದು ಲಿವರ್ ಸ್ವಲ್ಪ ಅಲ್ಲಾಡಿಸಿದಾಗ ದಿಢೀರನೆ ತಿರುಗುವುದು, ಮೀಟರ್ ಬೋರ್ಡಿನಲ್ಲಿ ತಪ್ಪು ಗೇರ್ ತೋರಿಸುವುದು. ಬಹಳಷ್ಟು ಕಾರುಗಳಲ್ಲಿ ರಿವರ್ಸ್ ದೀಪದ ಸಂಪರ್ಕವೂ ಇದೇ ಸ್ವಿಚ್ಚಿನೊಳಗೆ ಇರುತ್ತದೆ, ಹಾಗಾಗಿ ಸ್ಟಾರ್ಟ್ ತೊಂದರೆಯ ಜೊತೆಗೆ ರಿವರ್ಸ್ ದೀಪವೂ ಉರಿಯದಿದ್ದರೆ ಸುಳಿವು ಬಲವಾಯಿತು ಅಂತಲೇ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0705 ಅಥವಾ ಪಿ0706 ಕೋಡ್ ಸಿಗಬಹುದು. ಆದರೆ ಕೋಡ್ ಬಂತು ಅಂದರೆ ಸ್ವಿಚ್ಚೇ ಕೆಟ್ಟಿದೆ ಅಂತಲ್ಲ, ವೈರು, ಕನೆಕ್ಟರ್, ಕೇಬಲ್ ಹೊಂದಾಣಿಕೆ ತಪ್ಪಿದರೂ ಅದೇ ಕೋಡ್ ಬರುತ್ತದೆ. ಡ್ರೈವ್‌ನಲ್ಲೂ ಸ್ಟಾರ್ಟ್ ಆಗುತ್ತಿದ್ದರೆ? ಸರಿ ಮಾಡುವ ತನಕ ಆ ಕಾರು ಓಡಿಸಬೇಡಿ.

ಮಲ್ಟಿಮೀಟರ್ ಹಿಡಿದು ಸ್ವಿಚ್ ಅಳೆಯುವ ಮೊದಲು ಸುಲಭದ ಕೆಲಸಗಳನ್ನು ಮುಗಿಸಿಕೊಳ್ಳಿ. ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಫ್ಯೂಸ್ ನೋಡಿ. ಸ್ಟಾರ್ಟರ್ ರಿಲೇಯನ್ನು ಅದೇ ಡಬ್ಬಿಯಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇಯೊಂದಿಗೆ, ಉದಾಹರಣೆಗೆ ಹಾರನ್ ರಿಲೇ, ಅದಲುಬದಲು ಮಾಡಿ ನೋಡಿ. ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ದೀಪ ಮಿನುಗುತ್ತಿದ್ದರೆ ಕೀ ಸಮಸ್ಯೆ ಇರಬಹುದು. ಬಟನ್ ಸ್ಟಾರ್ಟ್ ಕಾರಾದರೆ ಹಿಂದಿನ ಬ್ರೇಕ್ ದೀಪ ಉರಿಯುತ್ತದಾ ಅಂತ ಯಾರಾದರೂ ನೋಡಲಿ, ಬ್ರೇಕ್ ಸ್ವಿಚ್ ಕೆಟ್ಟಿದ್ದರೂ ಸ್ಟಾರ್ಟ್ ಆಗುವುದಿಲ್ಲ.

ನಾನು ಬಿಟ್ಟುಬಿಟ್ಟ ಹೆಜ್ಜೆ ಇದರ ನಂತರದ್ದು. ಕೀ ತೆಗೆದಿಟ್ಟುಕೊಂಡು ಬಾನೆಟ್ ಕೆಳಗೆ ಗೇರ್‌ಬಾಕ್ಸ್ ಮೇಲಿನ ತೋಳಿಗೆ ಕೇಬಲ್ ಸೇರುವ ಜಾಗ ನೋಡಿ. ಬುಷ್ ಸವೆದು ಲೊಡಲೊಡ ಅನ್ನುತ್ತಿದೆಯಾ? ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಕೇಬಲ್ ಕಳಚಿ, ಕೈಯಲ್ಲೇ ಆ ತೋಳನ್ನು ಪಾರ್ಕ್ ಕಡೆಗೆ ಪೂರ್ತಿ ತಳ್ಳಿ. ಆಮೇಲೆ ಒಳಗೆ ಕೂತು, ಬ್ರೇಕ್ ಒತ್ತಿ ಕೀ ತಿರುಗಿಸಿ. ಈಗ ಸ್ಟಾರ್ಟ್ ಆದರೆ ಸ್ವಿಚ್ ಚೆನ್ನಾಗಿದೆ, ತಪ್ಪು ಕೇಬಲ್ಲಿನದು. ಹತ್ತು ನಿಮಿಷದ ಕೆಲಸ, ಸುಮ್ನೆ ಒಂದು ಸ್ವಿಚ್ ಉಳಿಯುತ್ತಿತ್ತು ನನಗೆ.

ಇನ್ನು ಮಲ್ಟಿಮೀಟರ್. ಇಲ್ಲಿ ನಿಮ್ಮ ಕಾರಿನ ವೈರಿಂಗ್ ನಕ್ಷೆ ಬೇಕೇ ಬೇಕು, ಯಾಕೆಂದರೆ ಪಿನ್ ಜೋಡಣೆ ಕಾರಿಂದ ಕಾರಿಗೆ ಬೇರೆ. ಕೀ ಆಫ್ ಮಾಡಿ, ಸ್ವಿಚ್ಚಿನ ಕನೆಕ್ಟರ್ ಕಳಚಿ, ಮೊದಲು ಪಿನ್‌ಗಳನ್ನೇ ನೋಡಿ. ಹಸಿರು ಕಿಲುಬು ಅಥವಾ ಕೆಂಪಗಿನ ಗೇರ್ ಆಯಿಲ್ ಕಂಡರೆ ಕ್ಲೀನ್ ಮಾಡಿ, ಅಷ್ಟಕ್ಕೇ ಸರಿಹೋಗಿದ್ದೂ ಉಂಟು. ನಂತರ ಸ್ಟಾರ್ಟರ್ ದಾರಿಯ ಎರಡು ಪಿನ್‌ಗಳ ನಡುವೆ ಅಳೆಯಿರಿ. ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಓಮ್ ಸೊನ್ನೆಯ ಹತ್ತಿರ ಬರಬೇಕು, ರಿವರ್ಸ್ ಮತ್ತು ಡ್ರೈವ್‌ನಲ್ಲಿ ಸಂಪರ್ಕವೇ ಇರಬಾರದು. ಅಳೆಯುತ್ತಲೇ ಲಿವರ್ ಅಲ್ಲಾಡಿಸಿ, ಅಂಕಿ ಕುಣಿದರೆ ಒಳಗಿನ ಸಂಪರ್ಕ ಸವೆದಿದೆ.

ಓಮ್ ಪರೀಕ್ಷೆ ಪಾಸಾದರೂ ಪೂರ್ತಿ ನಂಬಬೇಡಿ. ಮೀಟರ್ ಕಳಿಸುವ ಕರೆಂಟ್ ಬಹಳ ಚಿಕ್ಕದು, ಸುಟ್ಟ ಸಂಪರ್ಕವೂ ಅಷ್ಟನ್ನು ದಾಟಿಸಿಬಿಡುತ್ತದೆ. ಕನೆಕ್ಟರ್ ಮತ್ತೆ ಹಾಕಿ, ಮೀಟರನ್ನು ವೋಲ್ಟ್‌ಗೆ ತಿರುಗಿಸಿಕೊಂಡು, ಹಿಂಬದಿಯಿಂದ ಮೀಟರಿನ ಸೂಜಿಗಳನ್ನು ಅದೇ ಎರಡು ವೈರುಗಳಿಗೆ ತಾಗಿಸಿ, ಇನ್ನೊಬ್ಬರಿಗೆ ಪಾರ್ಕ್‌ನಲ್ಲಿ ಕೀ ತಿರುಗಿಸಲು ಹೇಳಿ. ಆಗ 12 ವೋಲ್ಟ್ ಹತ್ತಿರ ತೋರಿಸಿದರೆ ಸ್ವಿಚ್ ಕರೆಂಟನ್ನು ದಾಟಲು ಬಿಡುತ್ತಿಲ್ಲ ಅಂತ. ಸ್ಟಾರ್ಟರ್ ತಿರುಗುತ್ತಿರುವಾಗ ಸೊನ್ನೆಯ ಹತ್ತಿರ ಇದ್ದರೆ ಸ್ವಿಚ್ ನಿರಪರಾಧಿ. ಆದರೆ ತಿರುಗದೇ ಇದ್ದು ಸೊನ್ನೆ ತೋರಿಸಿದರೆ ಕರೆಂಟ್ ಸ್ವಿಚ್ಚಿನವರೆಗೂ ಬಂದೇ ಇಲ್ಲದಿರಬಹುದು, ಆಗ ಒಂದೊಂದೇ ವೈರನ್ನು ಅರ್ತ್‌ಗೆ (ಬ್ಯಾಟರಿಯ ನೆಗೆಟಿವ್ ಸೇರಿರುವ ಕಾರಿನ ಲೋಹದ ಮೈ) ಹೋಲಿಸಿ ಅಳೆಯಿರಿ. ಕೆಲವು ಕಾರುಗಳಲ್ಲಿ ಈ ಸ್ವಿಚ್ ರಿಲೇಯ ಅರ್ತ್ ಕಡೆಗೆ ಇರುತ್ತದೆ. ಕಂಪ್ಯೂಟರೇ ಗೇರ್ ಓದಿ ತೀರ್ಮಾನಿಸುವ ಕಾರಾದರೆ ಸ್ಕ್ಯಾನರಿನಲ್ಲಿ ಲಿವರಿನ ಸ್ಥಾನ ನೋಡುವುದೇ ಸರಿಯಾದ ದಾರಿ. ಇನ್ನು ಎರಡು ಪಿನ್ ಸೇರಿಸಿ ತಂತಿ ಸುತ್ತಿ ಬಿಟ್ಟುಬಿಡುವ ಉಪಾಯ ಹೇಳುವವರು ಇದ್ದಾರೆ. ಕಾರು ಯಾವ ಗೇರಲ್ಲಿದ್ದರೂ ಸ್ಟಾರ್ಟ್ ಆಗುವ ಹಾಗೆ ಮಾಡುವುದು ಅದು, ಬೇಡ.

ಸ್ವಿಚ್ಚೇ ಕೆಟ್ಟಿದೆ ಅಂತ ಖಾತ್ರಿಯಾದರೆ ಬದಲಾಯಿಸುವುದು ಕಷ್ಟವಿಲ್ಲ, ಕೈ ಹೋಗುವಷ್ಟು ಜಾಗ ಮಾಡಿಕೊಳ್ಳುವುದೇ ಕಷ್ಟ. ಸಾಮಾನ್ಯವಾಗಿ ಏರ್ ಫಿಲ್ಟರ್ ಡಬ್ಬಿ, ಕೆಲವು ಸಲ ಬ್ಯಾಟರಿ ತಟ್ಟೆಯೂ ಹೊರಗೆ ಬರಬೇಕು. ಕೆಳಗಿನಿಂದ ಹೋಗಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆದು ಲಿವರನ್ನು ನ್ಯೂಟ್ರಲ್‌ಗೆ ಹಾಕಿ, ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಉಲ್ಟಾ ಮಾಡಿದರೆ ಬಹಳ ಕಾರುಗಳಲ್ಲಿ ಲಿವರ್ ಪಾರ್ಕ್‌ನಲ್ಲೇ ಲಾಕ್ ಆಗಿ ಕೂರುತ್ತದೆ, ಶಿಫ್ಟ್ ಲಾಕ್ ಬಿಡಲು ಕರೆಂಟ್ ಬೇಕಲ್ವಾ. ಕೇಬಲ್ ಕಳಚಿ, ತೋಳಿನ ನಟ್ ಬಿಚ್ಚುವಾಗ ತೋಳನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ, ಆ ಒತ್ತಡ ಒಳಗಿನ ಭಾಗಗಳಿಗೆ ಹೋಗಬಾರದು. ಹಳೇ ಸ್ವಿಚ್ ಕೂತಿದ್ದ ಜಾಗಕ್ಕೆ ಪೇಂಟಿನಲ್ಲಿ ಗುರುತು ಹಾಕಿ, ಬೋಲ್ಟ್ ತೆಗೆದು, ಶಾಫ್ಟ್‌ನಿಂದ ನೇರವಾಗಿ ಎಳೆಯಿರಿ. ತುಕ್ಕು ಇದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿ.

ಹೊಸದನ್ನು ಕೂರಿಸುವಾಗ ಬೋಲ್ಟ್ ಪೂರ್ತಿ ಬಿಗಿ ಮಾಡಬೇಡಿ. ಶಾಫ್ಟ್ ನಿಜವಾಗಿಯೂ ನ್ಯೂಟ್ರಲ್‌ನಲ್ಲಿದೆಯಾ ಅಂತ ತಿಳಿಯಲು ಅದನ್ನು ಪಾರ್ಕ್ ತುದಿಗೆ ಒಯ್ದು ಎರಡು ಕಚ್ಚು ವಾಪಸ್ ತನ್ನಿ: ಮೊದಲನೆಯದು ರಿವರ್ಸ್, ಎರಡನೆಯದು ನ್ಯೂಟ್ರಲ್. ಸ್ವಿಚ್ ಮೇಲೆ ಗೀರು ಅಥವಾ ಪಿನ್ ತೂರಿಸುವ ತೂತು ಇರುತ್ತದೆ, ಅದನ್ನು ಹೊಂದಿಸಿಕೊಂಡು ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಚಿಕ್ಕ ಬೋಲ್ಟ್‌ಗಳು, ತಾಕತ್ತು ತೋರಿಸಿದರೆ ಥ್ರೆಡ್ ಹಾಳಾಗುತ್ತದೆ.

ಎಲ್ಲ ಜೋಡಿಸಿ, ಹಳೇ ಕೋಡ್ ಅಳಿಸಿ, ಕಾರಿನ ಮುಂದೆ ಹಿಂದೆ ಯಾರೂ ಇಲ್ಲದ ಜಾಗದಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಪ್ರತಿ ಗೇರಲ್ಲೂ ಒಂದು ಕ್ಷಣ ಕೀ ತಿರುಗಿಸಿ ನೋಡಿ. ಪಾರ್ಕ್‌ನಲ್ಲಿ ಸ್ಟಾರ್ಟ್ ಆಗಿದ್ದೇ ಖುಷಿಯಲ್ಲಿ ಬಾನೆಟ್ ಮುಚ್ಚಬೇಡಿ. ಡ್ರೈವ್ ಮತ್ತು ರಿವರ್ಸ್‌ನಲ್ಲಿ ಆಗಲಿಲ್ಲ, ರಿವರ್ಸ್ ದೀಪ ರಿವರ್ಸ್‌ನಲ್ಲಿ ಮಾತ್ರ ಉರಿಯಿತು ಅನ್ನುವುದನ್ನೂ ಕಣ್ಣಾರೆ ನೋಡಿದ ಮೇಲೇ ಮುಚ್ಚಿ.