ಕ್ಯಾಲ್ಸಿಯಂ ಕೊಡುತ್ತಿದ್ದರೂ ಮೂಳೆ ಮುರಿದದ್ದೇಕೆ?

ಪ್ರಶ್ನೆ: ನಮ್ಮ ಅತ್ತೆಗೆ 79 ವರ್ಷ. ಚಿಕ್ಕಬಳ್ಳಾಪುರದ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಕ್ಯಾಲ್ಸಿಯಂ ತಪ್ಪಿಸದೆ ಕೊಡುತ್ತಾರೆ. ಆದರೂ ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಮಣಿಕಟ್ಟು ಮುರಿಯಿತು. ಬೇರೆ ಮಾತ್ರೆಗಳಿಂದ ಹೀಗಾಗಿರಬಹುದೇ?

ಉತ್ತರ: ಆಗಿರಬಹುದು. ಕ್ಯಾಲ್ಸಿಯಂ ಮೂಳೆಗೆ ಅಷ್ಟೋ ಇಷ್ಟೋ ನೆರವಾದೀತು, ಬೀಳುವುದನ್ನಂತೂ ತಡೆಯದು. ಹಾಗಾಗಿ ಮೊದಲು ರಾತ್ರಿ ಕೊಡುವ ಮಾತ್ರೆಗಳ ಚೀಟಿ ನೋಡಿ.

ನಿದ್ದೆಗೋ ಆತಂಕಕ್ಕೋ ಕೊಡುವ ಆಲ್‌ಪ್ರಜೋಲಾಂ, ಕ್ಲೋನಜೆಪಾಂ, ಜೋಲ್ಪಿಡೆಂ ಇದ್ದರೆ ಅನುಮಾನ ಅಲ್ಲಿಂದಲೇ ಶುರುವಾಗಬೇಕು. ಕ್ಲೋನಜೆಪಾಂ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30–40 ಗಂಟೆ ಬೇಕು. ನಿನ್ನೆಯದು ಕರಗುವ ಮೊದಲೇ ಇವತ್ತಿನದು ಸೇರಿ, ಹಗಲಲ್ಲೂ ಕಾಲು ತಡವರಿಸುತ್ತದೆ. ಖಿನ್ನತೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್ ಮಂಪರು ತರುವುದಲ್ಲದೆ, ಎದ್ದು ನಿಂತಾಗ ಬಿಪಿಯನ್ನೂ ಇಳಿಸುತ್ತವೆ. ಬಿಪಿಗೆ ಕೊಡುವ ಪ್ರಜೋಸಿನ್ ಕೂಡ ನಿಂತಾಗ ಹಾಗೆಯೇ ಇಳಿಸುತ್ತದೆ. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡನ್ನು ಸಂಜೆ ಕೊಟ್ಟರೆ ಮೂತ್ರಕ್ಕೆ ರಾತ್ರಿಯೆಲ್ಲ ಏಳಬೇಕಾಗುತ್ತದೆ. ಬೆಳಗಿನ ಹೊತ್ತಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಆಶ್ರಮದ ನರ್ಸ್ ಮಾಡಬಹುದಾದ ಪರೀಕ್ಷೆಯೊಂದಿದೆ. 5 ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡುವುದು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಗಾಬರಿಯಿಂದ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಆಲ್‌ಪ್ರಜೋಲಾಂ ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವೇ ಇಳಿಸಬೇಕು.

ಮೂಳೆಯನ್ನೇ ಸವೆಸುವವು ಬೇರೆ: 3 ತಿಂಗಳು ಮೀರಿದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಫಿಟ್ಸ್‌ಗೆಂದು ವರ್ಷಗಟ್ಟಲೆ ನುಂಗಿದ ಫೆನಿಟಾಯಿನ್. ನೋವಿನ ಮಾತ್ರೆ ಜೊತೆ ‘ಗ್ಯಾಸಿಗೆ’ ಎಂದು ಶುರುವಾದ ಪ್ಯಾಂಟೊಪ್ರಜೋಲ್, ನೋವಿನ ಮಾತ್ರೆ ನಿಂತ ಮೇಲೂ ಚೀಟಿಯಲ್ಲಿ ಉಳಿದುಬಿಡುತ್ತದೆ. ಇದು ಹೊಟ್ಟೆಯ ಆಮ್ಲ ತಗ್ಗಿಸುವುದರಿಂದ ಕ್ಯಾಲ್ಸಿಯಂ ಕಾರ್ಬೊನೇಟನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ವಾಸಿ.

ನಮ್ಮ ಸೀಮೆಯದೇ ಇನ್ನೊಂದು ತೊಡಕು ಫ್ಲೋರೈಡ್. ಬಾಗೇಪಲ್ಲಿ, ಪಾವಗಡ ಕಡೆ ದಶಕಗಟ್ಟಲೆ ಕೊಳವೆಬಾವಿ ನೀರು ಕುಡಿದವರ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿರಬಹುದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಅಂಕಿಯೂ ಮೋಸ ಮಾಡೀತು. ಅತ್ತೆ ಯಾವ ಊರಿನ ನೀರು ಕುಡಿದು ಬೆಳೆದವರೆಂದು ವೈದ್ಯರಿಗೆ ಹೇಳಿ.

ನಿಂತಲ್ಲೇ ಬಿದ್ದು ಮೂಳೆ ಮುರಿದಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆತ) ಚಿಕಿತ್ಸೆಯ ಬಗ್ಗೆಯೂ ಕೇಳಲೇಬೇಕು. ವಾರಕ್ಕೊಮ್ಮೆ 70 ಮಿ.ಗ್ರಾಂ ಅಲೆಂಡ್ರೋನೇಟ್ ಬರೆದರೆ, ಬರಿ ಹೊಟ್ಟೆಗೆ ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿಸಿ, ಅರ್ಧ ಗಂಟೆ ನೆಟ್ಟಗೆ ಕೂರಿಸಬೇಕು. ಬೆಳಗಿನ ಕಾಫಿ ಜೊತೆ ಕೊಟ್ಟರೆ ಬಹುಪಾಲು ವ್ಯರ್ಥ. ನುಂಗಿಸಿ ಮಲಗಿಸಿದರೆ ಅನ್ನನಾಳ ಹುಣ್ಣಾಗಬಹುದು. ಕೂರಲಾಗದವರಿಗೆ ವರ್ಷಕ್ಕೊಂದು ಜೋಲೆಡ್ರೋನಿಕ್ ಆಸಿಡ್ ಡ್ರಿಪ್ ಇದೆ, ಮೂತ್ರಪಿಂಡ ಪರೀಕ್ಷೆಯ ನಂತರ.