ಐವತ್ತರ ಹತ್ರ ಹತ್ರ ಹಿಡ್ಕೊಳ್ಳೋ ಭುಜ

ನಲವತ್ತೈದು ದಾಟಿದವರು ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದಾಗ ಭುಜ ನೋವು ಅಂತ ಶುರು ಮಾಡೋದು ಕಮ್ಮಿ. ಜಡೆ ಹಾಕ್ಕೊಳೋಕೆ ಕೈ ಮೇಲೆ ಹೋಗ್ತಿಲ್ಲ, ಬೆನ್ನ ಹಿಂದೆ ಹುಕ್ ಹಾಕೋಕೆ ಮಗಳನ್ನ ಕರೀಬೇಕು, ಬಾಲ್ಕನಿ ಹಗ್ಗದ ಮೇಲೆ ಸೀರೆ ಹರವೋಕಾಗಲ್ಲ ಅಂತಾರೆ. ಗಂಡಸರಾದ್ರೆ ಹಿಂದಿನ ಜೇಬಿಂದ ಪರ್ಸ್ ತೆಗೆಯೋದು, ಬಿಎಂಟಿಸಿ ಬಸ್ಸಲ್ಲಿ ಮೇಲಿನ ರಾಡ್ ಹಿಡಿಯೋದು. ಎಷ್ಟು ದಿನದಿಂದ ಅಂತ ಕೇಳಿದ್ರೆ, ಮೂರ್ನಾಲ್ಕು ತಿಂಗಳಾಯ್ತು, ಮಲಗಿದ್ದು ಸರಿ ಇರ್ಲಿಲ್ಲ ಅನ್ಸುತ್ತೆ, ತಾನೇ ಹೋಗುತ್ತೆ ಅಂದ್ಕೊಂಡೆ ಅಂತ ಉತ್ತರ ಬರುತ್ತೆ.

ಇದಕ್ಕೆ ಫ್ರೋಜನ್ ಶೋಲ್ಡರ್ ಅಂತಾರೆ. ಆ ಹೆಸರು ಇಟ್ಟಿದ್ದು ಬೋಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಸಾಮಾನ್ಯವಾಗಿ 40ರಿಂದ 60ರ ಒಳಗೆ ಬರುತ್ತೆ, ಹೆಂಗಸರಿಗೆ ಸ್ವಲ್ಪ ಜಾಸ್ತಿ. ಭುಜದ ಕೀಲಿನ ಸುತ್ತ ಒಂದು ತೆಳ್ಳಗಿನ ಚೀಲ ಇರುತ್ತೆ, ಕ್ಯಾಪ್ಸೂಲ್ ಅಂತ, ಅದು ಜುಬ್ಬಾದ ಕಂಕುಳಿನ ಥರ ಸಡಿಲವಾಗಿದ್ರೇನೇ ಕೈ ಎಲ್ಲಾ ಕಡೆ ತಿರುಗೋದು. ಈ ಕಾಯಿಲೆಯಲ್ಲಿ ಆ ಚೀಲಕ್ಕೆ ಮೊದಲು ಉರಿಯೂತ ಬರುತ್ತೆ, ಆಮೇಲೆ ದಪ್ಪ ಆಗಿ ಕುಗ್ಗಿ ಬಿಗೀತಾ ಹೋಗುತ್ತೆ. ಮೂಳೆಗೆ ಏನೂ ಆಗಿರಲ್ಲ, ಅದಕ್ಕೇ ಎಕ್ಸ್‌ರೇ ನಾರ್ಮಲ್ ಬರೋದು. ರಿಪೋರ್ಟ್ ನಾರ್ಮಲ್ ಬಂದ ತಕ್ಷಣ ಮನೆಯವರು "ಏನೂ ಇಲ್ವಂತೆ, ಸುಮ್ನೆ ಹೆದರ್ಕೊಂಡಿದೀಯ" ಅಂತಾರೆ ನೋಡಿ, ಅದು ನನಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಇದರ ನೋವು ರಾತ್ರಿನೇ ಜಾಸ್ತಿ, ಆ ಮಗ್ಗುಲಿಗೆ ತಿರುಗಿದ್ರೆ ಎಚ್ಚರ ಆಗುತ್ತೆ, ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡದೆ ಬೆಳಗ್ಗೆ ಎದ್ದು ತಿಂಡಿ ಡಬ್ಬಿ ಮಾಡಿ ಆಫೀಸಿಗೂ ಹೋಗಿ ಬರ್ತಿರ್ತಾರೆ ಇವರು.

ನಾನು ಮೊದಲು ನೋಡೋದು ಒಂದೇ ಒಂದು ಚಲನೆ. ಮೊಣಕೈ ಪಕ್ಕೆಗೆ ಒತ್ತಿಟ್ಟು, ತೊಂಬತ್ತು ಡಿಗ್ರಿ ಮಡಚಿ, ಮೊಣಕೈ ಪಕ್ಕೆ ಬಿಡದೆ ಮುಂಗೈಯನ್ನ ಹೊರಗಡೆಗೆ ತಿರುಗಿಸಿ ಅಂತೀನಿ. ಸರಿ ಇರೋ ಕೈ ಬಾಗಿಲು ತೆರೆದ ಹಾಗೆ ಆರಾಮಾಗಿ ಹೊರಗೆ ಹೋಗುತ್ತೆ, ಹಿಡ್ಕೊಂಡಿರೋದು ಸ್ವಲ್ಪ ಹೋಗಿ ನಿಂತ್ಬಿಡುತ್ತೆ. ಅವರ ಕೈಲಿ ಆಗ್ದೇ ಇದ್ರೆ ನಾನೇ ಮೆಲ್ಲಗೆ ತಿರುಗಿಸಿ ನೋಡ್ತೀನಿ, ಆಗಲೂ ಅಲ್ಲೇ ನಿಲ್ಲುತ್ತೆ. ಸ್ನಾಯು ಹರಿದಿದ್ರೋ ಬರೀ ಸೆಳೆತ ಇದ್ರೋ ಸಾಮಾನ್ಯವಾಗಿ ಬೇರೆಯವರು ಎತ್ತಿದಾಗ ಕೈ ಹೋಗುತ್ತೆ, ಇಲ್ಲಿ ಹೋಗಲ್ಲ.

ಆಮೇಲೆ ನಮಸ್ಕಾರ ಮಾಡಿ ಅಂತ ಹೇಳ್ತೀನಿ. ಪಾಪ, ಎಲ್ಲರಿಗೂ ಆಶ್ಚರ್ಯ. ಎರಡೂ ಅಂಗೈ, ಬೆರಳು ಪೂರ್ತಿ ಒಂದಕ್ಕೊಂದು ತಾಗ್ಬೇಕು, ಕೆಲವರಿಗೆ ಬೆರಳುಗಳ ಮಧ್ಯೆ ಸಂದಿ ಉಳ್ಕೊಳ್ಳುತ್ತೆ, ಎಷ್ಟು ಒತ್ತಿದ್ರೂ ಕೂಡಲ್ಲ. ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ ಇರೋವ್ರಲ್ಲಿ ಕೈಯಿನ ಚರ್ಮ, ಕೀಲು ಬಿಗಿಯಾದಾಗ ಹೀಗಾಗುತ್ತೆ. ಭುಜದ ವಿಷಯದಲ್ಲಿ ನಾನು ಪದೇ ಪದೇ ಹೇಳೋದು ಇದನ್ನೇ, ಇದು ಬರೀ ಭುಜದ ಕಾಯಿಲೆ ಅಲ್ಲ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬಂದ್ರೆ ಡಯಾಬಿಟಿಸ್ ಇರೋವ್ರಲ್ಲಿ 10ರಿಂದ 20 ಮಂದಿಗೆ ಬರುತ್ತೆ ಅಂತ ಲೆಕ್ಕ, ಅವರಿಗೆ ವಾಸಿಯಾಗೋದೂ ನಿಧಾನ. ಥೈರಾಯ್ಡ್ ತೊಂದ್ರೆ ಇರೋವ್ರಲ್ಲೂ ಜಾಸ್ತಿ. ಹಾಗಾಗಿ ಭುಜ ಹಿಡ್ಕೊಂಡೋರು ಎಚ್‌ಬಿಎ1ಸಿ ಮತ್ತೆ ಥೈರಾಯ್ಡ್ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ ಟೆಸ್ಟ್ ಮಾಡಿಸ್ಕೊಳ್ಳಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುತ್ತೆ, ಖಾಲಿ ಹೊಟ್ಟೇಲಿ ಹೋಗ್ಬೇಕು ಅಂತಾನೂ ಇಲ್ಲ. 5.7ರಿಂದ 6.4 ಇದ್ರೆ ಗಡಿಯಲ್ಲಿದೆ, 6.5 ಅಥವಾ ಮೇಲಿದ್ರೆ ಡಯಾಬಿಟಿಸ್ ಕಡೆಗೆ, ಇನ್ನೊಂದ್ಸಲ ಖಚಿತ ಮಾಡ್ಕೋಬೇಕು. "ನಮ್ಮನೇಲಿ ಯಾರಿಗೂ ಶುಗರ್ ಇಲ್ಲ, ದಿನಾ ಲಾಲ್‌ಬಾಗ್‌ನಲ್ಲಿ ವಾಕ್ ಮಾಡ್ತೀನಿ" ಅನ್ನೋವ್ರೂ ಮಾಡಿಸ್ಬೇಕು.

ಈ ಟೆಸ್ಟ್ ಮಾಡಿಸೋ ಬದಲು ನಮ್ಮ ಜನ ಮೊದಲು ಹೋಗೋದು ಉಳುಕು ತೆಗೆಯೋರ ಹತ್ರ. ವಾಯು ಹಿಡ್ಕೊಂಡಿದೆ ಅಂತ ಆಲೂಗಡ್ಡೆ, ಕಡ್ಲೆಬೇಳೆ ಬಿಡ್ತಾರೆ, ಅದರಿಂದ ನಷ್ಟ ಏನಿಲ್ಲ, ಆದ್ರೆ ಎಣ್ಣೆ ಹಚ್ಚಿ ಕೈ ಹಿಡ್ಕೊಂಡು ಜೋರಾಗಿ ಎಳೆಸ್ಕೊಳ್ಳೋದು ಬೇಡವೇ ಬೇಡ. ಮೊದಲ ತಿಂಗಳುಗಳಲ್ಲಿ ಒಳಗೆ ಉರಿಯೂತ ಇರುತ್ತೆ, ಆಗ ಎಳೆದ್ರೆ ಕೆರಳುತ್ತೆ, ನೋವು ಇನ್ನೂ ಜಾಸ್ತಿ ಆಗಿ ಆ ಕೈಯನ್ನ ಮುಟ್ಟೋಕೂ ಬಿಡಲ್ಲ ಅವರು. ಹಾಗಂತ ಜೋಲಿ ಕಟ್ಕೊಂಡು ಅಲ್ಲಾಡಿಸ್ದೇ ಕೂತ್ರೂ ಬಿಗೀತಾನೇ ಹೋಗುತ್ತೆ.

ಮಾಡ್ಬೇಕಾಗಿರೋದು ಮಧ್ಯದ ದಾರಿ. ಹತ್ತು ನಿಮಿಷ ಬಿಸಿ ಶಾಖ ಕೊಟ್ಟು, ಟೇಬಲ್ ಮೇಲೆ ಸರಿ ಇರೋ ಕೈ ಊರಿ ಸ್ವಲ್ಪ ಬಗ್ಗಿ, ನೋವಿರೋ ಕೈಯನ್ನ ಸಡಿಲವಾಗಿ ಇಳಿಬಿಟ್ಟು ಸಣ್ಣಗೆ ತೂಗಿಸೋದು, ಗೋಡೆ ಮೇಲೆ ಬೆರಳಲ್ಲಿ ಹತ್ತೋದು, ಕೋಲು ಹಿಡ್ಕೊಂಡು ಸರಿ ಇರೋ ಕೈಯಿಂದ ಇನ್ನೊಂದನ್ನ ಹೊರಗಡೆಗೆ ಮೆಲ್ಲಗೆ ತಳ್ಳೋದು. ಒಂದೇ ಸಲ ಅರ್ಧ ಗಂಟೆ ಬೇಡ, ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ ಸಾಕು. ಮಾಡುವಾಗ ಎಳೆದಂಗೆ ಆಗ್ಬಹುದು, ಆದ್ರೆ ಮಾಡಿ ಅರ್ಧ ಗಂಟೆ ಮೇಲೂ ನೋವು ಇದ್ರೆ ಅವತ್ತು ಜಾಸ್ತಿ ಮಾಡಿದೀರ ಅಂತ, ಮಾರನೇ ದಿನ ಕಮ್ಮಿ ಮಾಡಿ. ರಾತ್ರಿ ಸರಿ ಇರೋ ಮಗ್ಗುಲಿಗೆ ಮಲಗಿ ನೋವಿರೋ ಕೈ ಕೆಳಗೆ ದಿಂಬು ಇಟ್ಕೊಂಡ್ರೆ ಎಷ್ಟೋ ಜನಕ್ಕೆ ನಿದ್ದೆ ಬರುತ್ತೆ. ನೋವು ತಡೆಯೋಕೇ ಆಗ್ತಿಲ್ಲ ಅಂದ್ರೆ ಶುರುವಿನ ಹಂತದಲ್ಲೇ ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ರೆ ಕೆಲವು ವಾರ ಆರಾಮ ಸಿಗುತ್ತೆ, ಆ ಟೈಮಲ್ಲಿ ವ್ಯಾಯಾಮ ಚೆನ್ನಾಗಾಗುತ್ತೆ. ಶುಗರ್ ಇರೋವ್ರಿಗೆ ಇಂಜೆಕ್ಷನ್ ಆದ್ಮೇಲೆ ಕೆಲವು ದಿನ ಸಕ್ಕರೆ ಏರುತ್ತೆ, ಮನೇಲಿ ಚೆಕ್ ಮಾಡ್ಕೊಳ್ತಿರಿ.

ಎಡಗೈ ನೋವು ಅಂದ ತಕ್ಷಣ ಹಾರ್ಟ್ ಅಂತ ಹೆದರಿ ಜಯದೇವ ಆಸ್ಪತ್ರೆಗೆ ಓಡಿದ್ವಿ ಅಂತ ಹೇಳೋವ್ರಿದ್ದಾರೆ. ಅದು ತಪ್ಪಲ್ಲ. ಎದೆ ಹಿಂಡಿದ ಹಾಗೆ, ಬೆವರು, ಏದುಸಿರು, ನಡೆದಾಗ ಬಂದು ನಿಂತಾಗ ಕಮ್ಮಿಯಾಗೋ ನೋವು, ಇಂಥದ್ದಿದ್ರೆ ಭುಜ ಅಂತ ಮನೇಲಿ ಕೂರ್ಬೇಡಿ, ಮೊದಲು ಇಸಿಜಿ.

ಎಷ್ಟು ದಿನಕ್ಕೆ ಸರಿ ಹೋಗುತ್ತೆ ಅಂತ ಎಲ್ಲರೂ ಕೇಳ್ತಾರೆ. ಹದಿನೈದು ದಿನದಲ್ಲಿ ಮಾಡ್ಕೊಡ್ತೀನಿ ಅಂದ್ರೆ ಸುಳ್ಳು ಹೇಳಿದ ಹಾಗೆ. ನೋವಿನ ಹಂತ, ಬಿಗಿತದ ಹಂತ, ಬಿಡೋ ಹಂತ ಎಲ್ಲಾ ಸೇರಿ ಒಂದರಿಂದ ಮೂರು ವರ್ಷ ಹಿಡಿಯುತ್ತೆ, ಬಹಳಷ್ಟು ಜನಕ್ಕೆ ಆಪರೇಷನ್ ಬೇಕಾಗಲ್ಲ, ಕೆಲವರಿಗೆ ಸ್ವಲ್ಪ ಬಿಗಿತ ಉಳ್ಕೊಳ್ಳುತ್ತೆ. ಅದೇ ಭುಜಕ್ಕೆ ಮತ್ತೆ ಬರೋದು ಅಪರೂಪ, ಆದ್ರೆ ಇನ್ನೊಂದು ಭುಜಕ್ಕೆ ಬರಬಹುದು, ಶುಗರ್ ಇರೋವ್ರಿಗೆ ಅಂತೂ ಜಾಸ್ತಿ. ಆ ಕಡೆ ರಾತ್ರಿ ನೋವು ಶುರುವಾದ್ರೆ ಈ ಸಲ ನಾಲ್ಕು ತಿಂಗಳು ಕಾಯ್ಬೇಡಿ, ಮೊದಲ ವಾರದಲ್ಲೇ ಬನ್ನಿ.