ಟ್ಯೂಷನ್‌ಗೆ ಸೇರಿಸುವ ಮುಂಚೆ

"ನಂಗೆ ಕೆಮಿಸ್ಟ್ರಿ ಅರ್ಥನೇ ಆಗ್ತಿಲ್ಲ."

ಮೊದಲ ಪಿಯುಸಿ ಹುಡುಗ ಹೇಳಿದ್ದು ಇಷ್ಟೇ. ಪಕ್ಕದಲ್ಲಿದ್ದ ಅಮ್ಮ ತಕ್ಷಣ, "ಅದಕ್ಯಾಕೋ ಚಿಂತೆ? ನಾಳೆನೇ ಟ್ಯೂಷನ್‌ಗೆ ಸೇರಿಸ್ತೀನಿ" ಅಂದರು. ಹುಡುಗ ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆಯುತ್ತ ಕೂತ. ಮತ್ತೆ ಮಾತಿಲ್ಲ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಪ್ತ ಸಮಾಲೋಚಕಿಯಾಗಿ ನಾನು ದಿನಾ ನೋಡುವುದು ಇದನ್ನೇ. ಪ್ರೀತಿಗೆ ಕೊರತೆಯಿಲ್ಲ, ಪರಿಹಾರ ಹೇಳುವ ಅವಸರ ಜಾಸ್ತಿ. "ಹೋಗ್ಲಿ ಬಿಡು", "ಇದೇನ್ ಮಹಾ", "ನಮ್ ಕಾಲದಲ್ಲಿ ನಾವು ಪಟ್ಟಿದ್ದು ಗೊತ್ತಾ?" ಎಲ್ಲವೂ ಸಮಾಧಾನಕ್ಕೆಂದೇ ಆಡುವ ಮಾತು. ನೊಂದವರ ಕಿವಿಗೆ ಮಾತ್ರ "ಸಾಕು ನಿಲ್ಸು" ಅಂದಂತೆ ಕೇಳಿಸುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ತಮ್ಮ ಲೇಖನವೊಂದರಲ್ಲಿ, ಚಿಕಿತ್ಸೆಯಲ್ಲಿ ಮನಸ್ಸು ಬದಲಾಗಲು ಬೇಕಾದ ಆರು ಸಂಗತಿಗಳನ್ನು ಹೇಳಿದರು. ಎಂಪಥಿ, ಅಂದರೆ ಎದುರಿನವರ ಜಾಗದಲ್ಲಿ ನಿಂತು ಅವರ ಮನಸ್ಸನ್ನು ಅರ್ಥ ಮಾಡಿಕೊಳ್ಳುವುದು, ಅದರಲ್ಲೊಂದು. ಆರನೆಯದನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ: ನಮಗೆ ಅರ್ಥವಾದರೆ ಸಾಲದು, ಅರ್ಥವಾಗಿದೆ ಅನ್ನುವುದು ಎದುರಿನವರಿಗೂ ತಿಳಿಯಬೇಕು.

ಆ ಅಮ್ಮನಿಗೆ ಒಂದೇ ಕೆಲಸ ಕೊಟ್ಟೆ. ಸಲಹೆ ಬೇಡ, ಅವನಿಗೆ ಏನನ್ನಿಸುತ್ತಿರಬಹುದು ಅಂತ ಊಹಿಸಿ, ಅವನನ್ನೇ ಕೇಳಿ ನೋಡಿ.

ಅವರು ಸ್ವಲ್ಪ ತಡವರಿಸಿದರು. "ಎಲ್ರಿಗೂ ಅರ್ಥ ಆಗುತ್ತೆ, ನಂಗೊಬ್ಬನಿಗೇ ಆಗಲ್ಲ ಅಂತ ಬೇಜಾರಾ ಪುಟ್ಟಾ?"

"ಅದಲ್ಲಮ್ಮ. ಡೌಟ್ ಕೇಳ್ಬೇಕು ಅಂದ್ರೆ ಇಂಗ್ಲಿಷಲ್ಲಿ ಕೇಳ್ಬೇಕು. ಒಂದ್ಸಲ ಎದ್ದು ನಿಂತೆ, ಎಲ್ರೂ ನಕ್ಬಿಟ್ರು."

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಟ್ಯೂಷನ್‌ಗೆ ಹಾಕಿದ್ದರೆ ಅಲ್ಲೂ ಅದೇ ಇಂಗ್ಲಿಷ್, ಅಲ್ವಾ?

ಅಮ್ಮನ ಊಹೆ ತಪ್ಪಾಗಿತ್ತು. ತಪ್ಪಾದರೂ ಕೆಲಸ ಮಾಡಿತು. ಕೇಳಿದ್ದು ಪ್ರಶ್ನೆಯಾಗಿ, ಹಾಗಾಗಿ "ಅದಲ್ಲಮ್ಮ" ಅನ್ನಲು ಅವನಿಗೆ ಆಯಿತು. "ನಿಂಗೇನಾಗಿದೆ ಅಂತ ನಂಗೊತ್ತು" ಅಂದಿದ್ದರೆ ಹೂಂಗುಟ್ಟಿ ಸುಮ್ಮನಾಗುತ್ತಿದ್ದ.

ಗಂಡ ಹೆಂಡತಿ ನಡುವೆಯೂ ಅಷ್ಟೇ. "ನಿಮ್ಮಮ್ಮ ಎಲ್ರ ಮುಂದೆ ಹಂಗಂದ್ರು" ಅಂತ ಹೆಂಡತಿ ಹೇಳಿದಾಗ ಅಮ್ಮನ ಪರ ವಕಾಲತ್ತು ಬೇಡ, ಅಮ್ಮನನ್ನು ಬೈಯುವುದೂ ಬೇಡ. "ಎಲ್ರ ಮುಂದೆ ಅಂದಿದ್ದು ಜಾಸ್ತಿ ನೋವಾಯ್ತಾ?" ಅಂತ ಕೇಳಿ. ಕೇಳಿದ ಮಾತ್ರಕ್ಕೆ ಒಪ್ಪಿಕೊಂಡಂತೆ ಆಗುವುದಿಲ್ಲ. ತೀರಾ ಸುಸ್ತಾಗಿದ್ದರೆ "ಊಟ ಆದ್ಮೇಲೆ ಕೂತ್ಕೊಂಡು ಮಾತಾಡೋಣ" ಅನ್ನಿ. ಊಟ ಆದ ಮೇಲೆ ನೀವೇ ಮರೆಯದೆ ಕರೆಯಿರಿ.

ಒಂದು ವಿಷಯದಲ್ಲಿ ಮಾತ್ರ ಕೇಳಿಸಿಕೊಂಡು ಸುಮ್ಮನಿರಬೇಡಿ. ಯಾರಾದರೂ "ಬದುಕೇ ಬೇಡ" ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಎರಡು ವಾರ ಬಿಟ್ಟು ಅಮ್ಮ, ಮಗ ಮತ್ತೆ ಬಂದರು. ಹುಡುಗ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಉತ್ಕರ್ಷಣ, ಆಕ್ಸಿಡೇಷನ್. ಆಮ್ಲ, ಆ್ಯಸಿಡ್. ರಾತ್ರಿ ಅಮ್ಮ ಚಪಾತಿ ಲಟ್ಟಿಸುತ್ತ ಎಡಗಡೆಯದನ್ನು ಓದುತ್ತಾರಂತೆ, ಇವನು ಬಲಗಡೆಯದನ್ನು ಹೇಳುತ್ತಾನಂತೆ.